ಸುಮ್ಮನೆ ಓದುವವರು

ಹಿಂದಿನ ಸಂಚಿಕೆಯಲ್ಲಿ ಬಾಡಿಗೆ ಮನೆಗಳ ವಿಚಾರ ಬರೆದು ಇಬ್ಬರು ಮನೆಯೊಡೆಯರ ಅಸಮಾಧಾನಕ್ಕೆ ಗುರಿಯಾದ ನಾವು, ಈ ಸಲ ಯಾರ ತಂಟೆಗೂ ಹೋಗದೆ ನಮ್ಮ ಮೇಲೆಯೇ ಒಂದು ದೂರು ಬರೆದುಕೊಳ್ಳೋಣವೆಂದು ಕೂತಿದ್ದೇವೆ.

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಇನ್ನೇನು ಕಣ್ಣು ಮುಚ್ಚಬೇಕು ಎನ್ನುವಷ್ಟರಲ್ಲಿ, ನಮ್ಮ ಅಕ್ಕನಿಂದ ಫೋನು ಬಂತು. ಅಕ್ಕ ಆ ಹೊತ್ತಿನಲ್ಲಿ ಕರೆಯುವುದು ಎರಡೇ ಕಾರಣಕ್ಕೆ. ಮನೆಯಲ್ಲಿ ಹೋಳಿಗೆ ಮಾಡಿರಬೇಕು. ಇಲ್ಲವೆ ಭಾವನವರ ಕೈಲಿ ಹರಿಯದ ವ್ಯಾಜ್ಯವೊಂದು ಎದ್ದಿರಬೇಕು. ಅಂದಿನ ಧ್ವನಿಯಲ್ಲಿ ಹೋಳಿಗೆಯ ಲಕ್ಷಣವೇನೂ ಇರಲಿಲ್ಲ.

"ಬೇಗ ಬಾರೋ. ನಿನ್ನ ಸೊಸೆ ಕೈತಪ್ಪಿ ಹೋಗ್ತಿದಾಳೆ," ಎಂದಳು.

ಮೈಲಾಪೂರಿನಲ್ಲಿ ಅಕ್ಕನ ಮನೆಗೂ ನಮ್ಮ ಮನೆಗೂ ನಡುವೆ ಕಪಾಲೀಶ್ವರನ ಕೊಳ ಒಂದೇ ಅಡ್ಡ. ಬಿಸಿಲಿನಲ್ಲಿ ಮಾಡಬೀದಿಯನ್ನು ಸುತ್ತಿಕೊಂಡು ಹೋಗುವಷ್ಟರಲ್ಲಿ ಮನಸ್ಸಿನಲ್ಲಿ ಏನೇನೋ ಸುಳಿದು ಹೋದುವು. ಪುಟ್ಟಿಗೆ ಈಗ ಹದಿನಾಲ್ಕು ವರ್ಷ, ಒಂಬತ್ತನೆಯ ತರಗತಿ. ಹೋಗಿ ನೋಡಿದರೆ ಹುಡುಗಿ ಕಿಟಕಿಯ ಪಕ್ಕ ಮುಖ ಊದಿಸಿಕೊಂಡು ಕೂತಿದ್ದಾಳೆ. ಊಟದ ಮೇಜಿನ ಮೇಲೆ ಸಾಕ್ಷ್ಯವನ್ನು ಜೋಡಿಸಿಟ್ಟಿದೆ. ಒಂದು ದಪ್ಪ ಪುಸ್ತಕ: ಕಪ್ಪು ರಕ್ಷಾಪುಟ, ಅದರ ಮೇಲೆ ಎರಡು ಬಿಳಿ ಕೈಗಳು, ಕೈಗಳಲ್ಲಿ ಒಂದು ಕೆಂಪು ಸೇಬು. ಪಕ್ಕದಲ್ಲಿ ಇನ್ನೊಂದು: ಅದೂ ಕಪ್ಪು, ಬಂಗಾರದ ಬಣ್ಣದ ಹಕ್ಕಿಯ ಪದಕ.

"ನೋಡು. ಇದರಲ್ಲಿ ರಕ್ತ ಕುಡಿಯೋ ದೆವ್ವಾನ ಒಂದು ಹುಡುಗಿ ಪ್ರೀತಿಸ್ತಾಳಂತೆ. ಅದರಲ್ಲಿ ಮಕ್ಕಳು ಮಕ್ಕಳನ್ನೇ ಕೊಲ್ಲೋ ಆಟವಂತೆ, ಸರ್ಕಾರವೇ ನಡೆಸುತ್ತಂತೆ! ನೀನು ಬಿ.ಎ. ಓದಿದವನು, ಸರ್ಕಾರಿ ಕೆಲಸದಲ್ಲಿರೋನು. ನೀನೇ ಬುದ್ಧಿ ಹೇಳು," ಎಂದಳು ಅಕ್ಕ. ಭಾವನವರು ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು.

ವಾಚಕರಲ್ಲಿ ಈಗ ನಿಜ ಹೇಳಿಬಿಡಬೇಕು. ನ್ಯಾಯಾಧೀಶರನ್ನಾಗಿ ಕರೆತಂದಿದ್ದ ನಮ್ಮ ಸ್ವಂತ ಕೈಚೀಲದಲ್ಲಿ, ಊಟದ ಡಬ್ಬಿಯ ಕೆಳಗೆ, ಆ ಹಕ್ಕಿಯ ಪುಸ್ತಕದ ಮೂರನೆಯ ಭಾಗ ಆಗಲೂ ಇತ್ತು. ಸೇಬಿನ ಪುಸ್ತಕವನ್ನಂತೂ ಬಿ.ಎ. ಕೊನೆಯ ವರ್ಷದಲ್ಲೇ, ಇತಿಹಾಸದ ಟಿಪ್ಪಣಿಗಳ ಅಡಿಯಲ್ಲಿಟ್ಟುಕೊಂಡು, ನಾಲ್ಕು ಸಂಪುಟಗಳನ್ನೂ ಮುಗಿಸಿದ್ದೆವು. ಸ್ಟೆಫನಿ ಮೆಯರ್ ಎಂಬ ಅಮೆರಿಕದ ಲೇಖಕಿ 2005ರಲ್ಲಿ ಅದನ್ನು ಶುರುಮಾಡಿ 2008ರಲ್ಲಿ ನಾಲ್ಕನೆಯದನ್ನು ಹೊರತಂದಳು. ಮಳೆ ಬಿಡದ ಒಂದು ಊರು. ಅಲ್ಲಿಗೆ ಬಂದ ಒಬ್ಬ ಒಂಟಿ ಹುಡುಗಿ. ಹದಿನೇಳನೆಯ ವಯಸ್ಸಿನಲ್ಲೇ ನಿಂತುಹೋಗಿ ಸುಮಾರು ತೊಂಬತ್ತು ವರ್ಷ ಕಳೆದಿರುವ ಒಬ್ಬ ಪಿಶಾಚಿ. ಹಕ್ಕಿಯ ಪುಸ್ತಕ ಸುಸಾನ್ ಕಾಲಿನ್ಸ್ ಬರೆದದ್ದು, 2008ರದು. ಮುಂದೆಂದೋ ಬರಲಿರುವ ಒಂದು ದುಷ್ಟರಾಜ್ಯ, ಹನ್ನೆರಡು ಜಿಲ್ಲೆಗಳು, ಜಿಲ್ಲೆಗೊಬ್ಬ ಹುಡುಗ, ಒಬ್ಬ ಹುಡುಗಿಯಂತೆ ಇಪ್ಪತ್ತನಾಲ್ಕು ಮಕ್ಕಳನ್ನು ಚೀಟಿ ಎತ್ತಿ ಆರಿಸಿ, ಒಬ್ಬರೇ ಉಳಿಯುವವರೆಗೆ ಕಾದಾಡಿಸಿ, ಅದನ್ನು ರಾಜ್ಯಕ್ಕೆಲ್ಲ ಟಿ.ವಿ.ಯಲ್ಲಿ ತೋರಿಸುತ್ತಾರೆ.

ನಾವು ಇವನ್ನು ಓದುವುದು ರೈಲಿನಲ್ಲಿ. ತಿರುಮಯಿಲೈ ನಿಲ್ದಾಣದಲ್ಲಿ ಹತ್ತಿ ಚೇಪಾಕಿನಲ್ಲಿ ಇಳಿಯಬೇಕು. ನಡುವೆ ಮೂರೇ ನಿಲ್ದಾಣ. ಅಷ್ಟರಲ್ಲಿ ಅಧ್ಯಾಯ ಮುಗಿಯುವುದಿಲ್ಲ. ಎಷ್ಟೋ ದಿನ ಚಿಂತಾದ್ರಿಪೇಟೆಯವರೆಗೂ ಹೋಗಿ ಹಿಂದಿರುಗಿದ್ದೇವೆ. ಹಾಜರಿ ಪುಸ್ತಕದಲ್ಲಿ ಅದರ ಗುರುತುಗಳಿವೆ. ಪುಸ್ತಕಕ್ಕೆ ಹಳೆಯ ಸುತ್ತೋಲೆಯ ಹಾಳೆಯಿಂದ ಹೊದಿಕೆ ಹಾಕುತ್ತೇವೆ. ಒಮ್ಮೆ ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಸೂಪರಿಂಟೆಂಡೆಂಟರು ಬೆನ್ನ ಹಿಂದೆ ಬಂದು ನಿಂತು, "ಇಲಾಖಾ ಪರೀಕ್ಷೆಗೆ ಓದ್ತಿದೀರೇನ್ರಿ?" ಎಂದು ತಮಿಳಿನಲ್ಲಿ ಕೇಳಿದರು. "ಹೌದು ಸಾರ್," ಎಂದೆವು. ಅವರು ಸಂತೋಷಪಟ್ಟು ಎಲ್ಲರಿಗೂ ನಮ್ಮ ಮಾದರಿಯನ್ನು ತೋರಿಸಿಕೊಟ್ಟರು. ಆ ಸಲದ ಪರೀಕ್ಷೆಯ ಫಲಿತಾಂಶವನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಏಕೆ ಬಚ್ಚಿಡಬೇಕು? ಮೀಸೆ ಹೊತ್ತ ಗುಮಾಸ್ತನೊಬ್ಬ ಪಿಶಾಚಿಯ ಪ್ರೇಮಪ್ರಸಂಗವನ್ನು ಓದುತ್ತಿದ್ದಾನೆಂದರೆ ನಾಲ್ಕು ಜನ ನಗುತ್ತಾರೆ, ಅದೊಂದು ಕಾರಣ. ಇನ್ನೊಂದು ಕಾರಣ ಇನ್ನೂ ಹಳೆಯದು. ನಮ್ಮಂಥ ಮನೆಗಳಲ್ಲಿ ಓದಿಗೆ ಎರಡೇ ಪಂಕ್ತಿ. ಒಂದು ಪರೀಕ್ಷೆಗೆ, ಇನ್ನೊಂದು ಪುಣ್ಯಕ್ಕೆ. ಸುಮ್ಮನೆ ಓದುವವನಿಗೆ ಎಲೆ ಹಾಕುವುದಿಲ್ಲ.

ಇರಲಿ. ವಿಚಾರಣೆ ನಡೆಯಬೇಕಾಗಿತ್ತು. ಗಂಟಲು ಸರಿಪಡಿಸಿಕೊಂಡು, "ಯಾಕಮ್ಮಾ ಇದನ್ನೆಲ್ಲ ಓದ್ತೀಯೆ?" ಎಂದೆವು.

"ಚುಮ್ಮಾ, ಮಾಮಾ," ಎಂದಳು ಪುಟ್ಟಿ.

ಚುಮ್ಮಾ! ಮದರಾಸಿನಲ್ಲಿ ಮೂರು ತಲೆಮಾರು ಬಾಳಿದ ಕನ್ನಡ ಮನೆಗಳಲ್ಲಿ ನಮ್ಮ 'ಸುಮ್ಮನೆ' ಹೊರಟುಹೋಗಿ ಅದರ ತಮಿಳು ಸೋದರ ಬಂದು ಕೂತಿದ್ದಾನೆ. ಆದರೂ ಉತ್ತರ ಸರಿಯಾದ ಉತ್ತರವೇ. ನಮ್ಮನ್ನು ಕೇಳಿದ್ದರೂ ಅದಕ್ಕಿಂತ ಒಳ್ಳೆಯದು ಹೊಳೆಯುತ್ತಿರಲಿಲ್ಲ.

"ದೆವ್ವ ಮಾತ್ರ ಅಲ್ಲ ಮಾಮಾ. ಇದರಲ್ಲಿ ತಂಗಿ ಹೆಸರು ಚೀಟೀಲಿ ಬರುತ್ತೆ. ಅಕ್ಕ ಓಡಿಬಂದು, ಅವಳ ಬದಲು ನಾನು ಹೋಗ್ತೀನಿ ಅಂತಾಳೆ. ತಂಗಿಗೆ ಹನ್ನೆರಡೇ ವರ್ಷ. ಅವಳ ಹೆಸರು..."

"ಪ್ರಿಮ್," ಎಂದುಬಿಟ್ಟೆವು.

ಮನೆಯಲ್ಲಿ ಫ್ಯಾನಿನ ಸದ್ದೊಂದೇ ಕೇಳುತ್ತಿತ್ತು. ಭಾವನವರ ಪತ್ರಿಕೆ ಮೆಲ್ಲಗೆ ಕೆಳಗಿಳಿಯಿತು. ಅಕ್ಕ ನಮ್ಮನ್ನು ನೋಡಿದಳು, ಆಮೇಲೆ ನಮ್ಮ ಕೈಚೀಲವನ್ನು ನೋಡಿದಳು.

ಅಲ್ಲಿಂದ ನಾವು ನ್ಯಾಯಾಧೀಶರ ಪೀಠದಿಂದಿಳಿದು ಆರೋಪಿಯ ಪಕ್ಕದ ವಕೀಲರಾದೆವು. ಬೇರೆ ದಾರಿಯಿರಲಿಲ್ಲ.

"ಅಕ್ಕಾ, ನೀನು ಪ್ರತಿ ಪ್ರದೋಷಕ್ಕೂ ಕಪಾಲೀಶ್ವರನ ಗುಡಿಗೆ ಹೋಗ್ತೀಯೆ. ಅಲ್ಲಿ ಪೂಂಪಾವೈ ಸನ್ನಿಧಿ ಇದೆಯಲ್ಲ, ಆಕೆಯ ಕಥೆ ಏನು?" ಎಂದೆವು. ಮೈಲಾಪೂರಿನ ಮಕ್ಕಳಿಗೆಲ್ಲ ತಿಳಿದ ಕಥೆ ಅದು. ಶಿವನೇಶನ್ ಎಂಬ ವರ್ತಕನ ಮಗಳು ಪೂಂಪಾವೈ ಹಾವು ಕಚ್ಚಿ ಸತ್ತಳು. ತಂದೆ ಮಗಳನ್ನು ಸಂಬಂಧರಿಗೆ ಕೊಡಬೇಕೆಂದು ಮನಸ್ಸಿನಲ್ಲೇ ಸಂಕಲ್ಪಿಸಿದ್ದವನು. ಅವಳ ಅಸ್ಥಿಯನ್ನೂ ಬೂದಿಯನ್ನೂ ಒಂದು ಕೊಡದಲ್ಲಿ ತುಂಬಿಟ್ಟುಕೊಂಡು ಕಾದ. ಸಂಬಂಧರು ಬಂದರು, ಈ ಊರಿನ ಉತ್ಸವಗಳನ್ನು ಒಂದೊಂದಾಗಿ ಹೆಸರಿಸಿ, ಇವನ್ನೆಲ್ಲ ನೋಡದೆ ಹೋಗುವೆಯಾ ಎಂದು ಹಾಡಿದರು. ಕೊಡದಿಂದ ಹುಡುಗಿ ಎದ್ದು ಬಂದಳು. ತಂದೆ ಮದುವೆಯಾಗಿ ಎಂದು ಬೇಡಿದಾಗ, ಜೀವ ಕೊಟ್ಟವನು ನಾನು, ಇವಳು ನನಗೆ ಮಗಳ ಸಮಾನ ಎಂದು ಅವರು ಒಪ್ಪಲಿಲ್ಲ.

"ಹಾವು, ಸಾವು, ಬೂದಿಯಿಂದೆದ್ದ ಹುಡುಗಿ, ಮೇಲೆ ಮದುವೆಯ ಪ್ರಸ್ತಾಪ. ಅಮೆರಿಕದವಳು ಇದಕ್ಕಿಂತ ಹೆಚ್ಚಿಗೆ ಏನು ಬರೆದಿದ್ದಾಳೆ?"

"ಅದು ದೇವರ ಕಥೆ," ಎಂದಳು ಅಕ್ಕ.

"ಒಪ್ಪಿದೆ. ತುಳಸಿದಳ ಯಾವ ದೇವರ ಕಥೆ?"

ಅಕ್ಕ ಮಾತಾಡಲಿಲ್ಲ. ಯಂಡಮೂರಿ ವೀರೇಂದ್ರನಾಥರ ಆ ಮಾಟಮಂತ್ರದ ಕಾದಂಬರಿಯ ಕನ್ನಡ ಪ್ರತಿಯೊಂದು ಬೆಂಗಳೂರಿನ ಚಿಕ್ಕಮ್ಮನ ಮನೆಯಿಂದ ಬೇಸಿಗೆಯ ರಜೆಯಲ್ಲಿ ನಮ್ಮ ಮನೆಗೆ ಬಂದಿತ್ತು. ಅದನ್ನು ಅಕ್ಕಿಯ ಡಬ್ಬದ ಹಿಂದೆ ಕೂತು ಓದಿ, ಮೂರು ರಾತ್ರಿ ಒಬ್ಬಳೇ ಬಚ್ಚಲಿಗೆ ಹೋಗದೆ, ಆರು ವರ್ಷದ ನಮ್ಮನ್ನು ಬಾಗಿಲ ಕಾವಲಿಗೆ ನಿಲ್ಲಿಸಿದ್ದವಳು ಯಾರೆಂದು ನಾವು ಪುಟ್ಟಿಯ ಮುಂದೆ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಅಕ್ಕ ತಾನಾಗಿಯೇ ನಕ್ಕುಬಿಟ್ಟಳು. ಕಾಫಿ ಬಂತು.

ಕಾಫಿಯ ಉತ್ಸಾಹದಲ್ಲಿ ನಾವು ಒಂದು ಹೆಜ್ಜೆ ಮುಂದೆ ಹೋದೆವು. "ಪುಟ್ಟೀ, ನಾವೆಲ್‌ಗೆ ಕನ್ನಡದಲ್ಲಿ ಏನಂತಾರೆ?" "ಕಾದಂಬರಿ." "ಕಾದಂಬರಿ ಅಂದರೆ?" ಗೊತ್ತಿರಲಿಲ್ಲ. ನಮ್ಮ ಓದುಗರಲ್ಲೂ ಕೆಲವರು ಯೋಚಿಸಿರಲಾರರು. ಕಾದಂಬರಿ ಒಬ್ಬ ಹುಡುಗಿಯ ಹೆಸರು. ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣಭಟ್ಟ ಸಂಸ್ಕೃತದಲ್ಲಿ ಬರೆಯತೊಡಗಿ ಮುಗಿಸದೆ ಹೋದ, ಮಗ ಮುಗಿಸಿದ ಕಥೆಯ ನಾಯಕಿ. ಹತ್ತನೆಯ ಶತಮಾನದ ಕೊನೆಯಲ್ಲಿ ಒಂದನೆಯ ನಾಗವರ್ಮ ಅದನ್ನು ಕನ್ನಡದ ಚಂಪುವಾಗಿ ಮಾಡಿದ. ಅದೇ ಕರ್ಣಾಟಕ ಕಾದಂಬರಿ. ಮುಂದೆ ಇಂಗ್ಲಿಷಿನ ನಾವೆಲ್ ನಮ್ಮ ಕಡೆ ಬಂದಾಗ ಕನ್ನಡದವರೂ ಮರಾಠಿಯವರೂ ಅದಕ್ಕೆ ಈ ಹುಡುಗಿಯ ಹೆಸರನ್ನೇ ಇಟ್ಟರು.

ಕಥೆಯನ್ನು ಚುಟುಕಾಗಿ ಹೇಳಿದೆವು. ಗಂಧರ್ವಕನ್ಯೆ ಮಹಾಶ್ವೇತೆ, ಮುನಿಕುಮಾರ ಪುಂಡರೀಕ. ಒಬ್ಬರನ್ನೊಬ್ಬರು ಕಂಡು ಮನಸೋತರು. ಸೇರುವ ಮೊದಲೇ ಅವನು ವಿರಹದಿಂದ ಬೆಳದಿಂಗಳಲ್ಲಿ ಪ್ರಾಣಬಿಟ್ಟ. ಚಂದ್ರಮಂಡಲದಿಂದ ಒಬ್ಬ ದಿವ್ಯಪುರುಷ ಇಳಿದು, ಮತ್ತೆ ಸೇರುವಿರಿ ಎಂದು ಹೇಳಿ ಶವವನ್ನು ಎತ್ತಿಕೊಂಡು ಹೋದ. ಆಕೆ ಅಚ್ಛೋದ ಸರೋವರದ ದಡದಲ್ಲಿ ತಪಸ್ಸಿಗೆ ಕೂತಳು. ಆಕೆಯ ಗೆಳತಿ ಕಾದಂಬರಿ. ಕಾದಂಬರಿ ಒಲಿದದ್ದು ರಾಜಕುಮಾರ ಚಂದ್ರಾಪೀಡನಿಗೆ. ಅವನ ಗೆಳೆಯ ವೈಶಂಪಾಯನ ಎಲ್ಲಿಂದಲೋ ಬಂದು ಮಹಾಶ್ವೇತೆಯನ್ನು ಕಾಡಿದ, ಗಿಳಿಯಾಗು ಎಂದು ಆಕೆ ಶಪಿಸಿದಳು, ಬಿದ್ದು ಸತ್ತ. ಆ ಸುದ್ದಿ ಕೇಳಿ ಚಂದ್ರಾಪೀಡನೂ ಎದೆಯೊಡೆದು ಸತ್ತ. ಆದರೆ ಅವನ ದೇಹ ಕೆಡಲಿಲ್ಲ. ಕಾದಂಬರಿ ಅದನ್ನು ಕಾಯುತ್ತ ಕೂತಳು...

"ಆ ಗಿಳಿ ಪುಂಡರೀಕನೇ ತಾನೆ?" ಎಂದಳು ಪುಟ್ಟಿ ಥಟ್ಟನೆ. ನಾವು ಬೆರಗಾದೆವು. ಹೌದು, ಸತ್ತ ಪ್ರಿಯನೇ ವೈಶಂಪಾಯನನಾಗಿ ಹುಟ್ಟಿ ಬಂದಿದ್ದ, ತನಗೆ ತಿಳಿಯದೆ ಮಹಾಶ್ವೇತೆ ತನ್ನವನನ್ನೇ ಶಪಿಸಿದ್ದಳು. ಅಪಾರವಾಗಿ ದೆವ್ವದ ಪುಸ್ತಕ ಓದಿದವರಿಗಲ್ಲದೆ ಇದು ಅಷ್ಟು ಬೇಗ ಹೊಳೆಯುವುದಿಲ್ಲ. ಆ ಗಿಳಿಯೇ ಶೂದ್ರಕನೆಂಬ ರಾಜನ ಸಭೆಯಲ್ಲಿ ಇಡೀ ಕಥೆಯನ್ನು ಹೇಳುವುದು. ಆ ರಾಜ ಯಾರೆಂದರೆ ಚಂದ್ರಾಪೀಡನ ಇನ್ನೊಂದು ಜನ್ಮ.

"ಮಾಮಾ, ಇದು ಎಷ್ಟು ಪಾರ್ಟು? ನನಗೆ ಕೊಡು, ಓದ್ತೀನಿ."

ಇಲ್ಲಿ ನಮ್ಮ ವಕಾಲತ್ತು ಮುಗ್ಗರಿಸಿತು. ಕೊಡಲು ನಮ್ಮಲ್ಲಿ ಪುಸ್ತಕವಿರಲಿಲ್ಲ. ಇದ್ದಿದ್ದರೂ ನಾಗವರ್ಮನ ಹಳಗನ್ನಡವನ್ನು ಬಿಡಿಸಿ ಓದುವುದು ನಮ್ಮ ಬಿ.ಎ.ಗೆ ಮೀರಿದ್ದು. ಗದ್ಯದಲ್ಲಿ ಹೇಳಿದ್ದನ್ನೇ ಓದಿ ಬೆಳೆದವರು ನಾವು. ಗದ್ಯವನ್ನಾದರೂ ತರಿಸೋಣವೆಂದರೆ, ಪುಟ್ಟಿಗೆ ಕನ್ನಡ ಓದಲು ಬರುವುದಿಲ್ಲ. ಮಾತಾಡುತ್ತಾಳೆ, ಅಕ್ಷರ ತಿಳಿಯದು. ಶಾಲೆಯಲ್ಲಿ ತಮಿಳು, ಇಂಗ್ಲಿಷು; ಕನ್ನಡಕ್ಕೆ ಜಾಗವಿಲ್ಲ. ಇದು ಅಕ್ಕನೊಬ್ಬಳ ಮನೆಯ ಸಂಗತಿಯಲ್ಲ. ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಹಾಡುವ ಮಕ್ಕಳ ಕೈಯಲ್ಲಿರುವ ಚೀಟಿಗಳನ್ನು ಒಮ್ಮೆ ಇಣುಕಿ ನೋಡಿ. ಕನ್ನಡದ ಹಾಡು ಇಂಗ್ಲಿಷ್ ಅಕ್ಷರದಲ್ಲೋ ತಮಿಳು ಅಕ್ಷರದಲ್ಲೋ ಇರುತ್ತದೆ. ಈ ಪತ್ರಿಕೆ ನಿಮ್ಮ ಮನೆಗೆ ಬಂದಾಗ ಓದುವವರು ಯಾರು, ಚಿತ್ರ ನೋಡುವವರು ಯಾರು ಎಂಬುದು ನಿಮಗೇ ಗೊತ್ತು.

ನಮಗಾದರೂ ಓದಲು ಹೇಗೆ ಬಂತು? ನಾವೂ ಇಲ್ಲೇ ಹುಟ್ಟಿದವರು, ನಮಗೂ ಶಾಲೆಯಲ್ಲಿ ಕನ್ನಡವಿರಲಿಲ್ಲ. ನಮಗೆ ಅಕ್ಷರ ಕಲಿಸಿದ್ದು ಬೇತಾಳ. 1947ರಲ್ಲಿ ನಾಗಿರೆಡ್ಡಿ, ಚಕ್ರಪಾಣಿಯವರು ತೆಲುಗು ತಮಿಳುಗಳಲ್ಲಿ ಆರಂಭಿಸಿದ ಚಂದಮಾಮ ಬಹುಬೇಗ ಕನ್ನಡಕ್ಕೂ ಬಂತು. ನಮ್ಮ ಮನೆಯಿಂದ ಒಂದು ಬಸ್ಸಿನ ದೂರದ ವಡಪಳನಿಯಲ್ಲಿ ತಯಾರಾಗುವ ಕನ್ನಡ ಪತ್ರಿಕೆ ಅದು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ಹಿಂದೆ ಕಾಡು. ಶಂಕರ್ ಅವರು ಬರೆದ ಆ ಚಿತ್ರವನ್ನು ಕಂಡವರು ಮರೆಯುವುದಿಲ್ಲ. (ಅವರು 2020ರಲ್ಲಿ ತೀರಿಕೊಂಡರು, ಪತ್ರಿಕೆ ಅದಕ್ಕೂ ಮುಂಚೆಯೇ ನಿಂತಿತ್ತು.) ಅಪ್ಪ ಕಚೇರಿಯಿಂದ ಬಂದು ಒಂದು ಕಥೆ ಓದುತ್ತಿದ್ದರು. ಬೇತಾಳ ಪ್ರಶ್ನೆ ಕೇಳಿ, ಗೊತ್ತಿದ್ದೂ ಹೇಳದಿದ್ದರೆ ನಿನ್ನ ತಲೆ ಸಿಡಿದು ಹೋಳಾಗುತ್ತದೆ ಎನ್ನುವ ಜಾಗಕ್ಕೆ ಸರಿಯಾಗಿ ಪುಸ್ತಕ ಮಡಚಿ, "ನಿದ್ದೆ ಬಂತಪ್ಪ," ಎಂದು ಮಲಗಿಬಿಡುತ್ತಿದ್ದರು. ಉತ್ತರ ಬೇಕಾದವರು ಕೂಡಿಸಿ ಕೂಡಿಸಿ ಓದಿಕೊಳ್ಳಬೇಕು. ಆಗ ಅವರ ಮೇಲೆ ಬಹಳ ಸಿಟ್ಟು ಬರುತ್ತಿತ್ತು.

ಆ ಭಾನುವಾರ ರಾತ್ರಿ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ. ಓದಿದ್ದ ಇನ್ನೊಂದು ಪುಸ್ತಕ ನೆನಪಿಗೆ ಬರುತ್ತಿತ್ತು: ಜಾರ್ಜ್ ಆರ್ವೆಲ್‌ನ 1984. ಹಕ್ಕಿಯ ಪುಸ್ತಕದಂಥವಕ್ಕೆಲ್ಲ ಹಿರಿಯಣ್ಣ ಅದು, 1949ರಲ್ಲಿ ಬಂದದ್ದು. ಬರೆದವನು ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ತಂದೆ ಸರ್ಕಾರದ ಅಫೀಮು ಇಲಾಖೆಯ ನೌಕರ. ಬಹುಶಃ ಅದರಿಂದಲೇ ಅವನಿಗೆ ಕಚೇರಿಯ ವಾಸನೆ ಅಷ್ಟು ಚೆನ್ನಾಗಿ ತಿಳಿದಿತ್ತು. ಕಥಾನಾಯಕ ವಿನ್ಸ್‌ಟನ್ ನಮ್ಮ ಜಾತಿಯವನೇ, ಗುಮಾಸ್ತ. ಹಳೆಯ ಪತ್ರಿಕೆಗಳನ್ನು ಇಂದಿನ ಸರ್ಕಾರಕ್ಕೆ ಹೊಂದುವಂತೆ ತಿದ್ದಿ ಬರೆಯುವುದು ಅವನ ಕೆಲಸ. ಮೊದಲ ಸಲ ಓದಿದಾಗ ಗೋಡೆಯ ಮೇಲಿಂದ ನೋಡುವ ಯಂತ್ರ, ಇಲಿಗಳ ಪಂಜರ ಇವು ಹೆದರಿಸಿದ್ದುವು. ಈಗ ಹೆದರಿಸಿದವನು ಆ ಯಾವುದೂ ಅಲ್ಲ. ಸೈಮ್ ಎಂಬ ನಿಘಂಟುಕಾರ. ಅವನು ನಿಘಂಟಿಗೆ ಪದ ಸೇರಿಸುವವನಲ್ಲ, ತೆಗೆಯುವವನು. ಒಳ್ಳೆಯದು ಎಂಬ ಪದ ಇರುವಾಗ ಕೆಟ್ಟದ್ದು ಎಂಬುದೇಕೆ, ಒಳ್ಳೆಯದಲ್ಲ ಎಂದರೆ ಸಾಲದೆ ಎನ್ನುವವನು. ಪದ ಹೋದರೆ ಅದರ ಹಿಂದಿನ ಭಾವವೂ ಹೋಗುತ್ತದೆ, ಆಮೇಲೆ ಯಾರೂ ಎದುರು ನಿಲ್ಲಲಾರರು ಎಂಬುದು ಆ ರಾಜ್ಯದ ಲೆಕ್ಕ.

ನಮ್ಮ ಮನೆಗಳಿಗೆ ಯಾವ ದುಷ್ಟಸರ್ಕಾರವೂ ಬಂದು ಪದಗಳನ್ನು ಕಿತ್ತುಕೊಂಡಿಲ್ಲ. ಹಾಗಿದ್ದೂ ಏನಾಗಿದೆಯೆಂದು ನೋಡಬೇಕೆನಿಸಿತು. ಗುಮಾಸ್ತನ ಬುದ್ಧಿ, ಕಾಗದದಲ್ಲಿ ಎರಡು ಕಲಂ ಗೀಟಿ, ಅಪ್ಪನ ಹಳೆಯ ಪತ್ರಗಳನ್ನು ತೆಗೆದು ಐವತ್ತು ಪದ ಆರಿಸಿಕೊಂಡೆವು. ಮಾರನೆಯ ಭಾನುವ‍ಾರ ಪುಟ್ಟಿಯನ್ನು ಕೂರಿಸಿ ಒಂದೊಂದಾಗಿ ಕೇಳಿದೆವು. ಗೊಜ್ಜು, ತೊವ್ವೆ, ಒಗ್ಗರಣೆ, ಸೌಟು, ಮಡಿ, ಮುಸುರೆ, ಚಟ್ನಿಪುಡಿ: ಅಡಿಗೆಮನೆಯ ಪದ ಒಂದೂ ತಪ್ಪಲಿಲ್ಲ. ಹಿತ್ತಲು ತಿಳಿಯದು, ಮೂರನೆಯ ಮಹಡಿಯ ಫ್ಲಾಟಿನಲ್ಲಿ ಹಿತ್ತಲೆಲ್ಲಿ? ಅದಕ್ಕೆ ದುಃಖವಿಲ್ಲ. ಆದರೆ ಮುನಿಸು? ತಿಳಿಯದು. ಅಳುಕು? ಮರುಕ? ಹಂಬಲ? ತವಕ? ಒಂದೂ ತಿಳಿಯದು. ಕೋಪ, ಭಯ, ಆಸೆ ಗೊತ್ತು. ಅವು ತಮಿಳಿನಲ್ಲೂ ಇವೆ.

"ಮುನಿಸು ಅಂದರೆ ಕೋಪ ತಾನೆ?" ಎಂದಳು. ಅಲ್ಲವೆಂದು ವಿವರಿಸಲು ಹೊರಟೆವು. ಮುನಿಸಿಕೊಳ್ಳುವುದು ನಮ್ಮವರ ಮೇಲೆ ಮಾತ್ರ. ಯಾರಾದರೂ ಬಂದು ಸಮಾಧಾನ ಮಾಡಲಿ ಎಂದು ಕಾಯುವ ಕೋಪ ಅದು. ಹೇಳುತ್ತ ಹೇಳುತ್ತ ನಮಗೇ ಒಂದು ವಿಷಯ ಹೊಳೆಯಿತು. ಸೌಟನ್ನು ದಿನಾ ಕೈಯಲ್ಲಿ ಹಿಡಿಯುತ್ತೇವೆ, ಆದ್ದರಿಂದ ಅದರ ಹೆಸರು ಉಳಿಯುತ್ತದೆ. ಹಂಬಲ, ಅಳುಕುಗಳನ್ನು ಊಟದ ಹೊತ್ತಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವು ಇರುವುದು ಕಥೆಯಲ್ಲಿ. ರಾತ್ರಿಯಲ್ಲಿ ಒಬ್ಬಳೇ ಕಾದು ಕೂತವಳಿಗೆ, ಬಾಗಿಲು ತಟ್ಟಿದವನು ಮನುಷ್ಯನೋ ಅಲ್ಲವೋ ಎಂದು ನಡುಗುವವಳಿಗೆ ಆ ಪದಗಳು ಬೇಕು. ಪುಟ್ಟಿಗೆ ಆ ಭಾವಗಳೆಲ್ಲ ಗೊತ್ತು. ಸೇಬಿನ ಪುಸ್ತಕ ಇಂಗ್ಲಿಷಿನಲ್ಲಿ ಕೊಟ್ಟಿದೆ. ಅಮ್ಮನ ಜತೆ ಆಡುವ ಭಾಷೆಯಲ್ಲಿ ಮಾತ್ರ ಅವಳು ಉಪ್ಪು ಸಾಲದು ಎಂದು ಹೇಳಬಲ್ಲಳು, ಇದನ್ನು ಹೇಳಲಾರಳು. ಹದಿನಾಲ್ಕರ ಹುಡುಗಿ ಕಿಟಕಿಯ ಪಕ್ಕ ಮುಖ ಊದಿಸಿಕೊಂಡು ಕೂತಾಗ ಅಕ್ಕನಿಗೂ ಅವಳಿಗೂ ನಡುವೆ ಮಾತು ಏಕೆ ಬೇಗ ಮುಗಿದುಹೋಗುತ್ತದೆಂದು ನಮಗೆ ಆಗ ಸ್ವಲ್ಪ ಅರ್ಥವಾಯಿತು.

ಆ ಸೈಮ್‌ಗೆ ಎದುರಾಗಿ ಇನ್ನೊಬ್ಬರನ್ನು ನೆನೆಯಬೇಕು. ಕಿಟ್ಟೆಲರು 1894ರಲ್ಲಿ ಮಂಗಳೂರಿನಿಂದ ಹೊರತಂದ, ಸುಮಾರು ಎಪ್ಪತ್ತು ಸಾವಿರ ಪದಗಳ ನಿಘಂಟನ್ನು ಪರಿಷ್ಕರಿಸಿ ಹಿಗ್ಗಿಸಿದವರು ಎಂ. ಮರಿಯಪ್ಪ ಭಟ್ಟರು, 1968ರಿಂದ 1971ರವರೆಗೆ ಅದನ್ನು ಸಂಪುಟಗಳಾಗಿ ಪ್ರಕಟಿಸಿದ್ದು ಇದೇ ಮದರಾಸಿನ ವಿಶ್ವವಿದ್ಯಾನಿಲಯ. ನಾವು ದಿನಾ ರೈಲಿಳಿಯುವ ಚೇಪಾಕಿನಲ್ಲಿ, ಕಡಲಿಗೆ ಮುಖಮಾಡಿರುವ ಕಟ್ಟಡಗಳು ಅವು. ಮುನಿಸು ಅದರಲ್ಲಿ ಕ್ಷೇಮವಾಗಿದೆ. ನಿಘಂಟಿನಲ್ಲಿ ಕ್ಷೇಮವಾಗಿರುವುದು ಬ್ಯಾಂಕಿನ ಲಾಕರಿನಲ್ಲಿ ಒಡವೆ ಇದ್ದಹಾಗೆ, ಕಿವಿಯಲ್ಲಿಲ್ಲ.

ನಮಗೆ ಹೊಳೆದ ಉಪಾಯ ಹೊಸದೇನಲ್ಲ, ಅಪ್ಪನದೇ. ಬೆಂಗಳೂರಿನಿಂದ ಗಿರೀಶ ಕಾರ್ನಾಡರ ನಾಗಮಂಡಲ ತರಿಸಿದೆವು. ಕಾರ್ನಾಡರು 1963ರಿಂದ 1970ರವರೆಗೆ ಇದೇ ಮದರಾಸಿನಲ್ಲಿ ಒಂದು ಪ್ರಕಾಶನ ಸಂಸ್ಥೆಯ ನೌಕರಿಯಲ್ಲಿದ್ದವರು. ಈ ನಾಟಕ 1988ರದು, ಎ.ಕೆ. ರಾಮಾನುಜನ್ನರಿಂದ ಕೇಳಿದ ಜನಪದ ಕಥೆಗಳಿಂದ ಹುಟ್ಟಿದ್ದು. ಗಂಡ ಹಗಲು ಬಂದು ಉಂಡು ಬೀಗ ಹಾಕಿಕೊಂಡು ಹೋಗುತ್ತಾನೆ. ಹೆಂಡತಿ ರಾಣಿ ಗಂಡನಿಗೆಂದು ಮದ್ದು ಬೆರೆಸಿದ ಸಾರನ್ನು ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಅದನ್ನು ಕುಡಿದ ನಾಗ ಅವಳಿಗೆ ಒಲಿದು, ರಾತ್ರಿ ಗಂಡನ ರೂಪದಲ್ಲೇ ಬರುತ್ತಾನೆ.

"ಇದು ಮಕ್ಕಳಿಗೆ ಓದೋ ಕಥೇನೇನೋ?" ಎಂದಳು ಅಕ್ಕ ಮೊದಲ ಶನಿವಾರ. ಹಾವಿನ ಗಂಡನ ಕಥೆಯನ್ನು ಕೈತುತ್ತು ಹಾಕುತ್ತ ನಮಗೆ ಹೇಳಿದವಳು ನಮ್ಮಜ್ಜಿ. ಆಗ ಅಕ್ಕನಿಗೆ ಹತ್ತು ವರ್ಷವಿದ್ದೀತು. ಅದನ್ನು ನೆನಪಿಸಿದ ಮೇಲೆ ಹುರುಳಿಕಾಯಿಯ ಬುಟ್ಟಿ ತಂದು ನಾರು ತೆಗೆಯುತ್ತ ಪಕ್ಕದಲ್ಲೇ ಕೂತಳು. ಎರಡನೆಯ ಪುಟದಿಂದಲೇ ನಮ್ಮ ಓದಿನ ಧಾಟಿಯನ್ನು ತಿದ್ದತೊಡಗಿದಳು.

ಆ ನಾಟಕದ ಶುರುವಿನಲ್ಲಿ ಒಂದು ಪ್ರಸಂಗವಿದೆ. ಮನೆಮನೆಯ ದೀಪಗಳನ್ನು ಆರಿಸಿದ ಮೇಲೆ ಜ್ವಾಲೆಗಳೆಲ್ಲ ಊರಾಚೆಯ ಹಾಳುಗುಡಿಗೆ ಬಂದು ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತವೆ. ಅದರ ಮೂಲ ರಾಮಾನುಜನ್ನರು ಸಂಗ್ರಹಿಸಿದ ಒಂದು ಕನ್ನಡ ಕಥೆ. ಒಬ್ಬಾಕೆಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಒಳಗೇ ಇದ್ದು ಉಸಿರುಗಟ್ಟಿ, ಆಕೆ ಮಲಗಿದ್ದಾಗ ಕಥೆ ಬಾಯಿಂದ ಹೊರಬಿದ್ದು ಬಾಗಿಲ ಬಳಿ ಜೋಡಾಗಿ ಕೂತಿತು; ಹಾಡು ಅಂಗಿಯಾಗಿ ಗೂಟಕ್ಕೆ ತಗುಲಿಕೊಂಡಿತು. ಗಂಡ ಬಂದು ನೋಡಿ, ಯಾರದಿದು ಎಂದು ಜಗಳವಾಡಿ ಹೊರಟುಹೋಗಿ ಗುಡಿಯಲ್ಲಿ ಮಲಗಿದ. ಅಲ್ಲಿ ತಡವಾಗಿ ಬಂದ ತನ್ನ ಮನೆಯ ಜ್ವಾಲೆಯ ಬಾಯಿಂದ ನಿಜ ಕೇಳಿದ. ಬೆಳಗ್ಗೆ ಮನೆಗೆ ಬಂದು ಹೆಂಡತಿಯನ್ನು ಆ ಕಥೆ ಯಾವುದು, ಆ ಹಾಡು ಯಾವುದು ಎಂದು ಕೇಳಿದ. ಯಾವ ಕಥೆ, ಯಾವ ಹಾಡು ಎಂದಳಂತೆ ಆಕೆ.

ಇದನ್ನು ಹೇಳಿ ಮುಗಿಸಿದಾಗ ಅಕ್ಕನ ಕೈ ಹುರುಳಿಕಾಯಿಯ ಮೇಲೆ ನಿಂತಿತ್ತು. "ಅಮ್ಮ ಒಂದು ಹೇಳ್ತಿದ್ದಳಲ್ಲೋ," ಎಂದಳು, "ಕುಂಬಳಕಾಯಿಯಿಂದ ಹುಡುಗ ಬರೋದು. ಮುಂದೇನಾಗುತ್ತೆ ಅದರಲ್ಲಿ?" ನಮಗೂ ನೆನಪಿಗೆ ಬರಲಿಲ್ಲ. ಕೇಳೋಣವೆಂದರೆ ಅಮ್ಮ ಹೋಗಿ ಆರು ವರ್ಷವಾಯಿತು.

ನಾಲ್ಕು ಶನಿವಾರ ಹೀಗೆ ನಡೆಯಿತು. ಒಂದು ಗಂಟೆ ಓದು, ಅರ್ಧ ಗಂಟೆ ಅಕ್ಷರ. ಒತ್ತಕ್ಷರಕ್ಕೆ ಪುಟ್ಟಿ ಬಹಳ ಬೈದುಕೊಂಡಳು. ತಮಿಳು ಕಲಿತವಳಿಗೆ ಒಂದರ ಕೆಳಗೊಂದು ಅಕ್ಷರ ನೇತಾಡುವುದು ಕಂಡರೆ ಆಗದು. ನಾಲ್ಕನೆಯ ಶನಿವಾರ, ರಾಣಿ ಪಂಚಾಯಿತಿಯ ಮುಂದೆ ನಿಂತು ಹುತ್ತಕ್ಕೆ ಕೈಹಾಕಿ ಹಾವನ್ನು ಹಿಡಿದು ಪ್ರಮಾಣ ಮಾಡಬೇಕಾದ ಜಾಗದಲ್ಲಿ, ನಮಗೆ ಇದ್ದಕ್ಕಿದ್ದಂತೆ ನಿದ್ದೆ ಬಂತು. ಪುಸ್ತಕವನ್ನು ಅಲ್ಲೇ ಬಿಟ್ಟು ಬಂದೆವು.

ಐದನೆಯ ಶನಿವಾರ ಹೋಗಲಾಗಲಿಲ್ಲ. ಕಚೇರಿಗೆ ಆಡಿಟ್ಟಿನವರು ಬಂದಿದ್ದರು, ಆರನೆಯದೂ ತಪ್ಪಿತು. ಆ ಸೋಮವಾರ ಊಟದ ಡಬ್ಬಿ ಬಿಚ್ಚಿದರೆ ಅದರೊಳಗೆ ಮಡಚಿದ ಒಂದು ಚೀಟಿ. ಹಿಂದಿನ ಸಂಜೆ ಅಕ್ಕನ ಮನೆಯಿಂದ ಬಂದ ಹುಳಿಯ ಜತೆ ಬಂದದ್ದನ್ನು ನಮ್ಮ ಮನೆಯಾಕೆ ಹಾಗೆಯೇ ಇಟ್ಟುಕಳಿಸಿದ್ದಳು. ಗೀಟು ಹಾಕಿದ ಹಾಳೆ, ಪೆನ್ಸಿಲು, ಒಂದೊಂದು ಅಕ್ಷರವೂ ಒಂದೊಂದು ಅಳತೆ:

"ಮಾಮನ ಮೇಲೆ ಮುನಿಸು. ಹಾವು ಕಚಲಿಲ. ನಾನೆ ಓದಿದೆ."

ಒತ್ತಕ್ಷರ ಎರಡು ಬಿಟ್ಟುಹೋಗಿವೆ. ಸೂಪರಿಂಟೆಂಡೆಂಟರು ಏನ್ರಿ ಅದು ಎಂದು ಕೇಳಿದರು. ಮನೆಯಿಂದ ಬಂದ ಕಾಗದ ಎಂದೆವು.

ಆಡಿಟ್ಟು ಮೊನ್ನೆ ಮುಗಿದಿದೆ. ಈ ಶನಿವಾರ ಹೋಗಬೇಕು. ಸಮಾಧಾನಕ್ಕೆ ಏನು ತೆಗೆದುಕೊಂಡು ಹೋಗುವುದೆಂದು ಲಸ್ಸಿನ ಹಳೇ ಪುಸ್ತಕದಂಗಡಿಗಳ ಮುಂದೆ ನಿನ್ನೆ ಒಂದು ಗಂಟೆ ನಿಂತಿದ್ದೆವು. ಕನ್ನಡದ್ದು ಒಂದೂ ಸಿಗಲಿಲ್ಲ. ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಚಂದಮಾಮಗಳಿದ್ದರೆ, ಬೇತಾಳದ ಪುಟ ಹರಿಯದೆ ಇರುವಂಥವು, ದಯವಿಟ್ಟು ಸಂಘದ ಕಚೇರಿಗೆ ತಲುಪಿಸಿ. ಹಾಗೆಯೇ, ಕುಂಬಳಕಾಯಿಯ ಹುಡುಗನ ಕಥೆ ಕೊನೆಯವರೆಗೆ ಗೊತ್ತಿರುವ ಅಜ್ಜಿಯರಿದ್ದರೆ ಅವರ ವಿಳಾಸವನ್ನೂ.